ಕರಿಯಮ್ಮನಲ್ಲಿ ನಾನು ಬೇಡಿದ ಸೇಡು

ತಾಯಿ ಕರಿಯಮ್ಮನನ್ನು ನಂಬಿ ನಡೆಯುವ ಎಲ್ಲ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಹನುಮಕ್ಕ ಮಾಡುವ ನಮಸ್ಕಾರ. ಮಗನಿಗೆ ಕೆಲಸ ಸಿಕ್ಕಿತು, ಮಗಳಿಗೆ ಗಂಡು ಕೂಡಿಬಂತು, ಹೋದ ಕಣ್ಣು ಬಂತು ಎಂದು ನೀವೆಲ್ಲ ಈ ಪತ್ರಿಕೆಗೆ ಬರೆದದ್ದನ್ನು ಓದಿದ್ದೇನೆ. ನಾನು ಬೇಡಿದ್ದು ಅಂಥ ಒಳ್ಳೆಯದನ್ನಲ್ಲ. ನನ್ನ ಕೂಸು ಸಾಯುವ ಸ್ಥಿತಿಗೆ ಬಂದಿತ್ತು. ಅದಕ್ಕೆ ಕಾರಣ ನನ್ನ ವಾರಗಿತ್ತಿ ಪಾಲಕ್ಕ ಎಂದು ನಂಬಿ, ಅವಳು ಹಾಳಾಗಲಿ ಎಂದು ಬೇಡಿದೆ. ತಾಯಿ ನನ್ನ ಮಾತನ್ನು ನಡೆಸಿಕೊಟ್ಟಳು. ಹೇಗೆ ನಡೆಸಿಕೊಟ್ಟಳು ಎಂಬುದನ್ನು ಏನೂ ಮುಚ್ಚಿಡದೆ ಬರೆಯುತ್ತೇನೆ.

ನಮ್ಮದು ಜವನಗೊಂಡನಹಳ್ಳಿಯಿಂದ ಮೂರು ಮೈಲಿ ಒಳಗಿರುವ ಒಂದು ಹಟ್ಟಿ. ಕುರಿ ಸಾಕುವ ಮನೆತನ. ಬೇಸಿಗೆ ಬಂತೆಂದರೆ ನಮ್ಮ ಮನೆಯವರು ಮಂದೆ ಹೊಡೆದುಕೊಂಡು ಮೇವಿದ್ದ ಕಡೆ ಹೋಗುತ್ತಾರೆ, ಮಳೆ ಬಿದ್ದ ಮೇಲೆಯೇ ಬರುವುದು. ಮನೆಯಲ್ಲಿ ನಾನು, ಎರಡೂವರೆ ವರ್ಷದ ಮಗಳು ಮಂಜಿ, ಕರೆಯುವ ಒಂದು ಹಸು. ಗೋಡೆಯಾಚೆ ನಮ್ಮ ಭಾವನ ಹೆಂಡತಿ ಪಾಲಕ್ಕ. ದನದ ಕೊಟ್ಟಿಗೆ ಪಾಲಾದಾಗ ನೆರಳಿನ ಭಾಗ ಅವಳಿಗೆ, ಬಿಸಿಲು ಬಡಿಯುವ ಭಾಗ ನನಗೆ ಬಂತು. ಅವತ್ತಿನಿಂದ ಅವಳ ಬಾಗಿಲ ಮುಂದಿನ ರಂಗೋಲಿ ಕಂಡರೂ ನನ್ನ ಮೈ ಉರಿಯುತ್ತಿತ್ತು.

ಎಪ್ಪತ್ತಾರನೆಯ ಇಸವಿ, ಯುಗಾದಿ ಕಳೆದ ವಾರ. ಪಾಲಕ್ಕ ನೀರಿನ ಕೊಡ ಇಳಿಸಿ, ಅಂಗಳದಲ್ಲಿ ಆಡುತ್ತಿದ್ದ ಮಂಜಿಯನ್ನು ಎತ್ತಿಕೊಂಡಳು. “ಅಬ್ಬಬ್ಬ, ಎಷ್ಟ್ ದುಂಡುಗೈತೆ ಕೂಸು! ನನ್ನವು ಮೂರು ಸೇರಿದ್ರೂ ಇಷ್ಟು ಭಾರ ಇಲ್ಲ” ಎಂದಳು. ನಾನು ಓಡಿಬಂದು ಕಿತ್ತುಕೊಂಡೆ. ಮೂರನೆಯ ದಿನ ಮಂಜಿಗೆ ಜ್ವರ, ಆಮೇಲೆ ಮೈತುಂಬ ಕೆಂಪು ಗಂದೆ. ಪೇಟೆಯವರು ಅದನ್ನು ದಡಾರ ಎನ್ನುತ್ತಾರೆ. ನಮ್ಮಲ್ಲಿ ಅಮ್ಮ ಬಂದಿದ್ದಾಳೆ ಎನ್ನುತ್ತೇವೆ. ಬಾಗಿಲಿಗೆ ಬೇವು ಕಟ್ಟಿ, ಒಗ್ಗರಣೆ ನಿಲ್ಲಿಸಿ, ಒಂಬತ್ತನೆಯ ದಿನ ನೀರು ಹಾಕಿದೆ. ಅಮ್ಮ ಇಳಿದಳು, ಆದರೆ ಕೂಸು ಏಳಲಿಲ್ಲ. ಭೇದಿ ಹಿಡಿಯಿತು, ಮೈ ಸೊರಗಿತು.

ಇದು ಪಾಲಕ್ಕನ ಕಣ್ಣು, ಕಣ್ಣಷ್ಟೇ ಅಲ್ಲ, ಏನೋ ಮಾಡಿಸಿಯೂ ಇದ್ದಾಳೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಮಂಗಳವಾರ ಒದ್ದೆ ಸೀರೆಯಲ್ಲಿ ಗುಡಿಗೆ ಹೋಗಿ ತಾಯಿಯ ಮುಂದೆ ನಿಂತೆ. “ತಾಯಿ, ನನ್ನ ಕೂಸಿಗೆ ಹಿಂಗೆ ಮಾಡಿದ ಕೈ ಯಾವುದು ಅಂತ ತೋರ್ಸು. ಆ ಕೈ ಮಾಡಿದ್ದಕ್ಕೆ ಶಿಕ್ಷೆ ಆಗೋತನಕ ನಮ್ಮ ಹಸುವಿನ ಹಾಲು ನಿಂಗೆ ಮೀಸಲು. ಬೇಳೆಕಾಳು, ಮೊಟ್ಟೆ, ಬಾಡು ನನ್ನ ಒಲೆ ಮೇಲೆ ಏರಲ್ಲ” ಎಂದೆ. ತೋರಿಸು ಎಂದದ್ದು ಬರೀ ಬಾಯಿಮಾತಿಗೆ. ಯಾರ ಕೈ ಎಂದು ನಾನು ಆಗಲೇ ತೀರ್ಮಾನ ಮಾಡಿದ್ದೆ.

ಮೀಸಲು ಎಂದರೆ ನಮ್ಮಲ್ಲಿ ಆಟದ ಮಾತಲ್ಲ. ಮೀಸಲು ಬಿಟ್ಟ ಹಾಲನ್ನು ಬೇರೆ ಗಡಿಗೆಯಲ್ಲಿ ಹೆಪ್ಪುಹಾಕಿ, ಕಡೆದು, ತುಪ್ಪ ಕಾಯಿಸಿ ದೇವರ ದೀಪಕ್ಕೆ ಕೊಡಬೇಕು. ಉಳಿದ ಮಜ್ಜಿಗೆಯನ್ನೂ ಮನೆಯವರು ಮುಟ್ಟುವಂತಿಲ್ಲ. ನಾನು ಅದನ್ನು ಗುಡಿಯ ಹಿಂದಿನ ಬೇವಿನ ಬುಡಕ್ಕೆ ಸುರಿದು ಬರುತ್ತಿದ್ದೆ. ಹಾಲು ಕರೆಯುವಾಗ ಮಂಜಿ ಬಂದು ಲೋಟ ಒಡ್ಡುತ್ತಿದ್ದಳು. “ಅಮ್ಮಂದು ಕಣವ್ವ, ಮುಟ್ಟಬಾರ್ದು” ಎನ್ನುತ್ತಿದ್ದೆ. ನಾಲ್ಕು ದಿನ ಅತ್ತು ಆಮೇಲೆ ಕೇಳುವುದನ್ನೇ ಬಿಟ್ಟಳು. ಎರಡು ಹೊತ್ತೂ ಉಪ್ಪು ಹಾಕಿದ ರಾಗಿ ಗಂಜಿ ಕೊಟ್ಟೆ, ಅದರಲ್ಲೂ ಅರ್ಧ ಹಾಗೇ ಉಳಿಯುತ್ತಿತ್ತು.

ಆಮೇಲೆ ಏನಾಯಿತು ಕೇಳಿ. ಮೂರು ನಾಲ್ಕು ವಾರಕ್ಕೆ ಮಂಜಿಯ ಕೆನ್ನೆ ತುಂಬಿಕೊಂಡಿತು. ಪಾದ ಮೃದುವಾಗಿ ಉಬ್ಬಿತು, ಕಾಲ್ಗೆಜ್ಜೆ ಬಿಗಿಯಾಯಿತು. ನನ್ನ ಹಿಗ್ಗು ಹೇಳತೀರದು. ತಾಯಿ ಒಲಿದಳೆಂದು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಪಾಲಕ್ಕನ ಬಾಗಿಲ ಮುಂದೆ ಬೇಕೆಂದೇ ಹೋಗುತ್ತಿದ್ದೆ, ಬರುತ್ತಿದ್ದೆ. ಅವಳಿಗೆ ಕೇಡಾಯಿತೆಂಬ ಸುದ್ದಿಗೆ ದಿನಾ ಕಿವಿ ಕೊಟ್ಟು ಕೂತಿರುತ್ತಿದ್ದೆ. ಅವಳ ಎರಡು ಕೋಳಿ ಸತ್ತ ದಿನ ತಾಯಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ. ಅವಳ ನಡುವಿನ ಮಗ ಹುಣಸೆಮರದಿಂದ ಬಿದ್ದನೆಂದು ಕೇಳಿ ಓಡಿಹೋಗಿ ನೋಡಿದೆ, ಮಂಡಿ ತರಚಿತ್ತು ಅಷ್ಟೆ. ಇಷ್ಟೇನಾ ತಾಯಿ ಎಂದು ಮನಸ್ಸಿನಲ್ಲೇ ಕೇಳಿದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಅವತ್ತು ಆಗಲಿಲ್ಲ.

ಒಂದು ಬೆಳಗ್ಗೆ ಪಾಲಕ್ಕನೇ ಗೋಡೆಯ ಮೇಲಿಂದ ಇಣುಕಿದಳು. “ಲೇ ಹನುಮಕ್ಕ, ಕೂಸಿನ ಮುಖ ನೋಡೇ, ಹೆಂಗ್ ಬಾತೈತೆ. ಅದು ಮೈ ಬಂದಿರೋದಲ್ಲ. ನಿನ್ನ ಮೀಸಲು ಹಾಳಾಗ್ ಹೋಗ್ಲಿ, ಒಂದ್ ಲೋಟ ಹಾಲ್ ಕುಡ್ಸು.”

“ಹಾಕೋ ಕಣ್ಣೆಲ್ಲ ಹಾಕಿ ಈಗ ಬುದ್ಧಿ ಹೇಳಾಕೆ ಬಂದ್ಯಾ? ಮೀಸಲು ಮುರ್ಸಿ ನನ್ನ ಕೂಸು ತಿನ್ನಬೇಕು ಅಂತಾನಾ?” ಎಂದು ಹಟ್ಟಿಯೆಲ್ಲ ಕೇಳುವಂತೆ ಕೂಗಿದೆ. ಅವಳೂ ಸುಮ್ಮನಿರಲಿಲ್ಲ. ಬೈಗುಳದಲ್ಲಿ ನನ್ನ ತವರಿನವರೆಗೂ ಹೋಗಿಬಂದಳು.

ಆಮೇಲಿಂದ ಮಂಜಿ ಬೇರೆಯೇ ಆದಳು. ಕಪ್ಪು ಕೂದಲು ಕೆಂಚಾಗಿ ಮುಟ್ಟಿದರೆ ಕೈಗೆ ಬರುತ್ತಿತ್ತು. ತೊಡೆಯ ಚರ್ಮ ಹಳೇ ಗೋಡೆಯ ಸುಣ್ಣ ಎದ್ದ ಹಾಗೆ ಏಳುತ್ತಿತ್ತು. ಅಳು ಇಲ್ಲ, ನಗು ಇಲ್ಲ, ಎಲ್ಲಿ ಕೂರಿಸಿದರೆ ಅಲ್ಲೇ. ಅವತ್ತಾದರೂ ನನ್ನ ತಲೆಗೆ ಹೊಳೆಯಬೇಕಿತ್ತು. ಹೊಳೆದದ್ದು ಬೇರೆ: ಆ ಪಾಲಕ್ಕ ಮಾಟ ಬಿಗಿ ಮಾಡಿದ್ದಾಳೆ, ನಾನೂ ಹರಕೆ ಬಿಗಿ ಮಾಡಬೇಕು. ಮಂಗಳವಾರ, ಶುಕ್ರವಾರ ಒಂದೇ ಹೊತ್ತು ಊಟ ಎಂದು ಹೇಳಿಕೊಂಡೆ. ನನಗೂ, ಆ ಕೂಸಿಗೂ.

ಮೊದಲ ಮಳೆ ಬಿದ್ದ ಮೇಲೆ ನಮ್ಮ ಮನೆಯವರು ಬಂದರು. ಕಂಬಳಿ ಕೆಳಗಿಡದೆ ಬಾಗಿಲಲ್ಲೇ ನಿಂತರು. “ಇದ್ಯಾರ್ ಕೂಸೇ?” ಎಂದರು. ನಾನು ನಡೆದದ್ದನ್ನೆಲ್ಲ ಹೇಳಿ, ಪಾಲಕ್ಕನಿಗೆ ಇವರ ಕೈಯಿಂದಲೇ ಒದೆ ಬೀಳುತ್ತದೆಂದು ಕಾದೆ. ಅವರು ಮಂಜಿಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡರು. “ನಡಿ, ದುರ್ಗದ ದೊಡ್ಡಾಸ್ಪತ್ರೆಗೆ ಹೋಗಾಣ” ಎಂದರು. “ಮೀಸಲು ಮುರಿಯಂಗಿಲ್ಲ” ಎಂದೆ. ಅವರು ತಿರುಗಿಯೂ ನೋಡಲಿಲ್ಲ.

ಮೂರು ಮೈಲಿ ನಡೆದು, ಹಿರಿಯೂರಿಗೆ ಬಸ್ಸು ಹಿಡಿದು, ಅಲ್ಲಿಂದ ದುರ್ಗದ ಬಸ್ಸು ಹತ್ತಿದೆವು. ಪಕ್ಕದ ಸೀಟಿನ ಹೆಂಗಸು ಮಂಜಿಯನ್ನು ನೋಡಿ ತನ್ನ ಮಗುವಿನ ಮುಖದ ಮೇಲೆ ಸೆರಗು ಎಳೆದುಕೊಂಡಳು. ಅವಳಿಗೂ ಒಂದು ಶಾಪ ಹಾಕಿದೆ.

ವಾರ್ಡಿನಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು, ಮೈಸೂರು ಕಡೆಯವರು. ಮಂಜಿಯ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಗುಳಿ ಹಾಗೇ ನಿಂತಿತು.

“ಏನಮ್ಮ ಕೊಡ್ತಿದ್ದೆ ಇದಕ್ಕೆ?”

“ರಾಗಿ ಗಂಜಿ ಕಣ್ರಿ.”

“ಹಾಲು?”

“ಹಸು ಐತ್ರಿ. ಹಾಲು ದೇವ್ರಿಗೆ ಮೀಸಲು.”

“ಬೇಳೆ? ಮೊಟ್ಟೆ?”

“ಎಲ್ಲಾ ಬಿಟ್ಟೀವ್ರಿ.”

ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. “ಇದು ಸಸಾರಜನಕ ಸಾಲದೆ ಬರೋ ಕಾಯಿಲೆ. ಹಾಲಲ್ಲಿ, ಬೇಳೇಲಿ, ಮೊಟ್ಟೇಲಿ ಇರುತ್ತೆ ನೋಡು, ಅದು. ಚರ್ಮ, ಕೂದಲು, ಮಾಂಸ ಬೆಳೆಯೋದು ಅದರಿಂದ. ರಕ್ತದೊಳಗಿನ ನೀರನ್ನ ಹಿಡಿದು ನಿಲ್ಲಿಸೋದೂ ಅದೇ. ನೀನು ಮುದ್ದೆ ಮಾಡ್ತೀಯಲ್ಲ, ಹಿಟ್ಟು ಕಮ್ಮಿ ಹಾಕಿದ್ರೆ ಏನಾಗುತ್ತೆ?”

“ಗಟ್ಟಿ ಆಗಲ್ರಿ. ತಟ್ಟೇಲಿ ಹರಿದ್ ಹೋಗ್ತೈತೆ.”

“ಇದರ ಮೈಯಲ್ಲೂ ಹಾಗೇ ಆಗಿದೆ. ನೀರು ರಕ್ತದಲ್ಲಿ ನಿಲ್ಲದೆ ಕಾಲಿಗೆ, ಮುಖಕ್ಕೆ ಸೋರಿದೆ. ಇದು ದಪ್ಪ ಆಗಿಲ್ಲಮ್ಮ, ನೀರಿಳಿದ್ರೆ ಬರೀ ಎಲುಬು. ದಡಾರ ಬಂದು ಸವೆದ ಮೈಗೆ ಅದನ್ನ ಇನ್ನೂ ಜಾಸ್ತಿ ಕೊಡಬೇಕಿತ್ತು.”

ನಾನು ಬಿಡಲಿಲ್ಲ. “ಇದನ್ನ ಮಾಡಿದ್ದು ಯಾರ್ರಿ?” ಎಂದು ಕೇಳಿದೆ.

“ಯಾರೂ ಏನೂ ಮಾಡಿಲ್ಲ. ಕೊಡಬೇಕಾದ್ದನ್ನ ಕೊಡಲಿಲ್ಲ, ಅಷ್ಟೆ” ಎಂದು ಮುಂದಿನ ಮಂಚಕ್ಕೆ ಹೋದರು.

ಆ ಹೆಂಗಸಿನ ನಾಲಿಗೆ ಬಿದ್ದುಹೋಗಲಿ ಎನ್ನಿಸಿತು. ಯಜಮಾನರ ಕಡೆ ತಿರುಗಿದರೆ ಅವರು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದರು. ನಾನೂ ನೋಡಿಕೊಂಡೆ. ಹಾಲು ಕರೆದ ಕೈ, ಕಡೆದ ಕೈ, ಮಜ್ಜಿಗೆಯನ್ನು ಬೇವಿನ ಬುಡಕ್ಕೆ ಸುರಿದ ಕೈ. ಯಾವ ಕೈ ಎಂದು ತೋರಿಸು ತಾಯಿ ಎಂದಿದ್ದೆನಲ್ಲ, ತೋರಿಸಿದ್ದಳು. ಇಷ್ಟು ದಿನ ಪಾಲಕ್ಕನ ಮೇಲಿದ್ದ ಸಿಟ್ಟೆಲ್ಲ ಒಂದೇ ಸಲಕ್ಕೆ ನನ್ನ ಮೇಲೆ ತಿರುಗಿತು.

ಮಾರನೆಯ ದಿನ ಮನೆಯವರು ಮಂದೆಯ ಕಡೆ ಹೋದರು, ನಾನೊಬ್ಬಳೇ ಉಳಿದೆ. ನರ್ಸು ಹಾಲಿನ ಪುಡಿಗೆ ಸಕ್ಕರೆ, ಎಣ್ಣೆ ಕಲಸಿ ಲೋಟ ತಂದಿಟ್ಟಳು. ಎರಡು ಗಂಟೆಗೊಮ್ಮೆ ಚಮಚದಲ್ಲಿ ಕುಡಿಸಬೇಕು. ಹಿಂದಿನ ದಿನವೆಲ್ಲ ಅವಳೇ ಕುಡಿಸಿದ್ದಳು, ಈಗ ಲೋಟ ನನ್ನ ಕೈಗೆ ಬಂತು. ಮಾಡಿದವರಿಗೆ ಶಿಕ್ಷೆ ಆಗುವತನಕ ಹಾಲು ಮೀಸಲು ಎಂದು ಆಣೆ ಇಟ್ಟವಳು ನಾನು. ಪುಡಿಯದಾದರೂ ಹಾಲು ಹಾಲೇ. ಶಿಕ್ಷೆ ಇನ್ನೂ ಆಗಿಲ್ಲ. ಆಣೆ ಮುರಿದರೆ ತಾಯಿ ಕೂಸನ್ನೇ ಎಳೆದುಕೊಂಡರೆ? ಲೋಟದ ಹಾಲು ಆರಿಹೋಯಿತು. ಡಾಕ್ಟರಮ್ಮ ಬಂದು ನೋಡಿ, “ಕುಡಿಸ್ತೀಯೋ, ಇಲ್ಲ ಕೂಸನ್ನ ಕೊಂದುಕೊಂಡು ಹೋಗ್ತೀಯೋ?” ಎಂದರು. ಕಣ್ಣು ಮುಚ್ಚಿ, “ತಾಯಿ, ನನ್ನ ಶಿಕ್ಷೆ ನಿನ್ನ ಹತ್ರ ಬಾಕಿ ಇರ್ಲಿ, ಯಾವತ್ತಾದ್ರೂ ಕೊಡು. ಇದು ಈಗ ಕುಡೀಲಿ” ಎಂದು ಮೊದಲ ಚಮಚ ಬಾಯಿಗಿಟ್ಟೆ.

ಐದನೆಯ ದಿನ ತಕ್ಕಡಿಯಲ್ಲಿಟ್ಟು ತೂಗಿದರು. “ತೂಕ ಕಮ್ಮಿ ಆಗಿದೆ, ಒಳ್ಳೇದು” ಎಂದು ನರ್ಸು ಬರೆದುಕೊಂಡು ಹೊರಟುಹೋದಳು. ಹಾಲು ಕುಡಿದ ಕೂಸಿನ ತೂಕ ಇಳಿಯುವುದು ಎಲ್ಲಿಯಾದರೂ ಉಂಟೇ? ಇಳಿದರೆ ಒಳ್ಳೆಯದು ಎನ್ನುವವರೂ ಉಂಟೇ? ಕೆನ್ನೆ ಗುಳಿಬಿದ್ದಿತ್ತು, ತೋಳು ಕಡ್ಡಿಯಾಗಿತ್ತು. ಆಣೆ ಮುರಿದದ್ದಕ್ಕೆ ತಾಯಿ ಕೂಸನ್ನು ದಿನಕ್ಕಿಷ್ಟು ಎಂದು ತಿನ್ನುತ್ತಿದ್ದಾಳೆ ಎನ್ನಿಸಿತು. ಯಾರಿಗೂ ಹೇಳದೆ ಮಂಜಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಗುಡಿಯ ಮುಂದೆ ಬಿದ್ದು, ಕೊಡುವುದಿದ್ದರೆ ನನಗೆ ಕೊಡು ಎಂದು ತಲೆ ಚಚ್ಚಿಕೊಳ್ಳಬೇಕೆಂದಿದ್ದೆ.

ಹಿರಿಯೂರು ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತೆ. ಮಂಜಿ ನನ್ನ ತೊಡೆಯ ಮೇಲೆ ಉಚ್ಚೆ ಹೊಯ್ದಳು. ಸ್ವಲ್ಪ ಹೊತ್ತಿಗೆ ಮತ್ತೆ, ಇನ್ನೊಂದಿಷ್ಟು ಹೊತ್ತಿಗೆ ಮತ್ತೆ. ಇಷ್ಟು ಸಣ್ಣ ಮೈಯಲ್ಲಿ ಎಲ್ಲಿತ್ತು ಈ ನೀರು ಎಂದು ಸೀರೆ ಹಿಂಡುವಾಗ ಡಾಕ್ಟರಮ್ಮನ ಮಾತು ನೆನಪಾಯಿತು. ಮಂಜಿಯ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಗುಳಿ ನಿಲ್ಲಲಿಲ್ಲ. ಇನ್ನೊಂದು ಪಾದ ಒತ್ತಿದೆ. ಅಲ್ಲೂ ನಿಲ್ಲಲಿಲ್ಲ. ಇಳಿದದ್ದು ಕೂಸಿನ ತೂಕವಲ್ಲ, ಸೋರಿ ನಿಂತಿದ್ದ ನೀರು.

ನನ್ನ ಪಕ್ಕದಲ್ಲಿ ಹೊಳಲ್ಕೆರೆ ಕಡೆಯ ಒಬ್ಬ ಅಜ್ಜಿ ಹುರಿಗಡಲೆ ತಿನ್ನುತ್ತ ಕೂತಿದ್ದಳು. ತಿಂಗಳಿಂದ ಯಾವುದಕ್ಕೂ ಕೈ ಚಾಚದ ಮಂಜಿ ಅತ್ತ ಕೈ ನೀಡಿದಳು. ಕಾಳು ಮುಟ್ಟಬಾರದೆಂಬ ಅಭ್ಯಾಸಕ್ಕೆ ನನಗೇ ತಿಳಿಯದೆ ಆ ಕೈ ಹಿಡಿದು ಹಿಂದಕ್ಕೆಳೆದೆ. ಮಂಜಿ ನನ್ನನ್ನೇ ದಿಟ್ಟಿಸಿದಳು. ಮುಖ ಕೆಂಪಾಯಿತು. ಕೈ ಬಿಡಿಸಿಕೊಂಡು, ಮೈಯಲ್ಲಿದ್ದ ಅಷ್ಟೂ ಶಕ್ತಿ ಹಾಕಿ ನನ್ನ ಕೆನ್ನೆಗೆ ಬಾರಿಸಿದಳು. ಆಮೇಲೆ ಇಡೀ ಬಸ್ ಸ್ಟ್ಯಾಂಡ್ ತಿರುಗಿ ನೋಡುವ ಹಾಗೆ ಅತ್ತಳು.

“ಏನವ್ವ, ಕೂಸು ಬಲೇ ಜೋರೈತೆ!” ಎಂದಳು ಅಜ್ಜಿ.

ನಾನು ಕೆನ್ನೆ ಹಿಡಿದುಕೊಂಡು ಅತ್ತೆ, ನಕ್ಕೆ, ಮತ್ತೆ ಅತ್ತೆ. ಮಾಡಿದವರಿಗೆ ಶಿಕ್ಷೆ ಕೊಡು ತಾಯಿ ಎಂದು ಎರಡೂವರೆ ತಿಂಗಳು ಬೇಡಿದ್ದೆ. ಕೊಟ್ಟಳು. ಯಾರಿಗೆ ಅನ್ಯಾಯವಾಗಿತ್ತೋ ಅವಳ ಕೈಯಿಂದಲೇ ಕೊಡಿಸಿದಳು. ನನ್ನ ಆಣೆ ತೀರಿತು, ಮೀಸಲು ಮುಗಿಯಿತು. ಎದ್ದು ಆಸ್ಪತ್ರೆಗೆ ಓಡಿದೆ, ಹಾಲಿನ ಹೊತ್ತು ಮೀರುತ್ತಿತ್ತು.

ಒಂದು ತಿಂಗಳ ಮೇಲೆ ಊರಿಗೆ ಬಂದೆವು. ಮೊದಲು ಗುಡಿಗೆ ಹೋಗಿ ಅಡ್ಡಬಿದ್ದೆ, ಆಮೇಲೆ ಪಾಲಕ್ಕನ ಬಾಗಿಲಿಗೆ ಹೋದೆ. “ಅಕ್ಕ, ನೀನು ಹಾಳಾಗ್ಲಿ ಅಂತ ಹರಕೆ ಕಟ್ಟಿದ್ದೆ” ಎಂದೆ.

“ಗೊತ್ತಿತ್ತು ಬಿಡೇ. ನಾನೂ ಕಟ್ಟಿದ್ದೆ” ಎಂದಳು. “ನಿನ್ನ ಕೈಯಿಂದ ತಪ್ಪಿಸ್ಕೊಂಡು ಆ ಕೂಸು ಉಳೀಲಿ ಅಂತ. ಕುಂತ್ಕ, ಬೇಳೆ ಬೆಂದೈತೆ.”

ಇದೆಲ್ಲ ಆಗಿ ಮೂರು ವರ್ಷವಾಯಿತು. ಕೊಟ್ಟಿಗೆಯ ಜಗಳ ಇನ್ನೂ ಮುಗಿದಿಲ್ಲ, ಅದು ಬೇರೆ. ಹಟ್ಟಿಯಲ್ಲಿ ಯಾರ ಬಾಗಿಲಿಗೆ ಬೇವು ಕಟ್ಟಿದ್ದು ಕಂಡರೂ ನಾನು ಒಂದು ಚೊಂಬು ಹಾಲು, ಪಾಲಕ್ಕ ಒಂದು ಪಾತ್ರೆ ಬೇಳೆಕಟ್ಟು ಹಿಡಿದು ಹೋಗುತ್ತೇವೆ. ಅಮ್ಮನ ಹೆಸರು ಹೇಳಿ ಬೇಡ ಎಂದವರಿಗೆ ಇಬ್ಬರೂ ಸೇರಿ ಬೈಯುತ್ತೇವೆ. ಬೈಯುವುದರಲ್ಲಿ ಅವಳು ನನಗಿಂತ ಒಂದು ಕೈ ಮೇಲು. ತಾಯಿ ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ಬೇಡಿದ ಶಿಕ್ಷೆಯನ್ನು ಕೊಟ್ಟಳು, ಬೇಡಲು ಮರೆತಿದ್ದ ಕೂಸನ್ನೂ ಕೊಟ್ಟಳು. ಅವಳ ಪಾದಕ್ಕೆ ಶರಣು.