ಇಳೀಬೇಡ ಅಂದವರು ಯಾರು?

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಮದುವೆಗೆ ಮುಂಚೆ ಮೈಸೂರಿನಲ್ಲಿ ಹೈಸ್ಕೂಲು ಹುಡುಗಿಯರಿಗೆ ವಿಜ್ಞಾನ ಪಾಠ ಮಾಡಿದವಳು. ಯಾರಾದರೂ ಮೈಮೇಲೆ ದೇವರು ಬಂತು, ಕನಸಿನಲ್ಲಿ ತಾತ ಬಂದು ಹೇಳಿದರು ಅಂತ ಶುರು ಮಾಡಿದರೆ, "ಸರಿ ಸರಿ, ಕಾಫಿ ಆರಿಹೋಗುತ್ತೆ, ಕುಡೀರಿ" ಅಂತ ಮಾತು ತಿರುಗಿಸುತ್ತಿದ್ದೆ. ಇದಕ್ಕೆ ಅತ್ತೆಯ ಕೈಲಿ ಬೈಸಿಕೊಂಡದ್ದೂ ಉಂಟು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಂಬತ್ತರ ದಶಕದ ಮಾತು. ನಾವಾಗ ಅಮೆರಿಕದ ಸ್ಯಾನ್ ರಮೋನಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮ ಯಜಮಾನರಿಗೆ ಅಲ್ಲೇ ಹತ್ತಿರದಲ್ಲಿ ಎಂಜಿನಿಯರ್ ಕೆಲಸ. ಮಗಳು ದೀಪಾಗೆ ನಾಲ್ಕು ತುಂಬಿತ್ತು, ಒಂದೇ ಒಂದು ಮಾತೂ ಆಡುತ್ತಿರಲಿಲ್ಲ. ಅಮ್ಮ ಅಂತಲೂ ಅಂದಿರಲಿಲ್ಲ. ಕಿವಿ ಚೆನ್ನಾಗಿತ್ತು, ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಕರೆದರೆ ಓಡಿ ಬರುತ್ತಿದ್ದಳು. ನಮ್ಮಮ್ಮ ಮೈಸೂರಿನಿಂದ ಬಜೆ ಬೇರು ಕಳಿಸಿ, ಜೇನುತುಪ್ಪದಲ್ಲಿ ತೇಯ್ದು ನಾಲಿಗೆಗೆ ಹಚ್ಚು, ಮಾತು ಬರುತ್ತೆ ಅಂತ ಬರೆದಿದ್ದಳು. ಅದನ್ನೂ ಮಾಡಿದೆ. ಮಗುವಿನ ವಿಷಯ ಬಂದಾಗ ವಿಜ್ಞಾನ ಗಿಜ್ಞಾನ ಎಲ್ಲ ಪಕ್ಕಕ್ಕಿಟ್ಟುಬಿಡುತ್ತೀವಿ ನೋಡಿ.

ಕೊನೆಗೆ ಡಾಕ್ಟರೊಬ್ಬರು, ಮನೆಯಲ್ಲಿ ಎರಡೆರಡು ಭಾಷೆ ಕೇಳಿ ಮಗುವಿಗೆ ಗೊಂದಲವಾಗಿದೆ, ನಿಮ್ಮ ಭಾಷೆ ಬಿಟ್ಟು ಇಂಗ್ಲಿಷ್ ಒಂದನ್ನೇ ಆಡಿ ಅಂದರು. ಆಗ ಹಾಗೇ ಹೇಳುತ್ತಿದ್ದರು. ಬಿಟ್ಟೆವು. ಒಂದು ವರ್ಷವಾಯಿತು. ಊಟ ಮಾಡಿಸುವಾಗ, ತಲೆ ಬಾಚುವಾಗ, ಬಿದ್ದು ಅತ್ತಾಗ, ಎಲ್ಲಕ್ಕೂ ಇಂಗ್ಲಿಷು. ಜೋಗುಳ ನಿಂತುಹೋಯಿತು. ಬಾಯಿಗೆ ಬಂದ "ನನ್ ಚಿನ್ನ" ಅನ್ನುವುದನ್ನು ನುಂಗಿಕೊಂಡು ಬೇರೇನೋ ಹೇಳುವ ಸಂಕಟ ಯಾವ ಶತ್ರುವಿಗೂ ಬೇಡಪ್ಪಾ. ಗ್ರಾಸರಿ ಅಂಗಡಿಯಲ್ಲಿ ಬೇರೆ ಮಕ್ಕಳು ಚಾಕೊಲೇಟಿಗೆ ರಚ್ಚೆ ಹಿಡಿದು ಅಮ್ಮಂದಿರ ಪ್ರಾಣ ತಿನ್ನುತ್ತಿದ್ದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಆ ಬೇಸಿಗೆಯಲ್ಲಿ ಮೈಸೂರಿಗೆ ಹೊರಟೆವು. ನಮ್ಮ ಯಜಮಾನರ ಅಕ್ಕ ಭಾವ ಆಗ ನೈರೋಬಿಯಲ್ಲಿದ್ದರು, ದಾರಿಯಲ್ಲಿ ನಮ್ಮನೆಗೆ ಬರದೆ ಹೋದರೆ ನೋಡಿ ಅಂತ ಫೋನಿನಲ್ಲೇ ಜಗಳ ಆಡಿದ್ದರು. ಹೋದಮೇಲೆ ನಮ್ಮ ಮೂವರಿಗೂ ಒಂದು ಪುಟ್ಟ ಸಫಾರಿ ಗೊತ್ತುಮಾಡಿದರು. ಆಂಬೋಸೆಲಿ ಅನ್ನುವ ಕಾಡಿಗೆ ಹೋಗುವುದು, ಒಂದು ರಾತ್ರಿ ಲಾಡ್ಜಿನಲ್ಲಿ ಉಳಿದು ಬರುವುದು. ನಮ್ಮ ವ್ಯಾನು ಓಡಿಸುತ್ತಿದ್ದವನೂ, ಪ್ರಾಣಿಗಳನ್ನು ತೋರಿಸುತ್ತಿದ್ದವನೂ ಒಬ್ಬನೇ, ಮ್ವಾಂಗಿ ಅಂತ. ಜೊತೆಗೆ ಇಂಗ್ಲೆಂಡಿನಿಂದ ಒಂಟಿಯಾಗಿ ಬಂದಿದ್ದ ಒಬ್ಬ ಮುದುಕಿ ಇದ್ದಳು, ಪಾಪ, ಇಡೀ ದಾರಿ ದೀಪಾಳ ಹತ್ತಿರ ಮಾತಾಡುತ್ತಲೇ ಇದ್ದಳು.

ಕಾಡು ಅಂದರೆ ಬಂಡೀಪುರದ ಥರ ಅಂದುಕೊಂಡಿದ್ದೆ. ಅಲ್ಲಿ ನೋಡಿದರೆ ಮರಗಳೇ ಅಪರೂಪ. ಕಣ್ಣು ಹಾಯುವವರೆಗೂ ಹಳದಿ ಹುಲ್ಲು, ರಾಗಿ ಹಿಟ್ಟಿನಷ್ಟು ನುಣ್ಣಗಿನ ಧೂಳು, ದೂರದಲ್ಲಿ ನೆಲಕ್ಕೆ ತಾಗದೆ ನಿಂತ ಹಾಗೆ ಹಿಮದ ಬೆಟ್ಟ. ಮಧ್ಯಾಹ್ನದ ಬಿಸಿಲುಗುದುರೆಯಲ್ಲಿ ಆನೆಗಳ ಸಾಲೊಂದು ಹೋಗುತ್ತಿತ್ತು, ಕಾಲುಗಳೇ ಕಾಣಿಸುತ್ತಿರಲಿಲ್ಲ, ನೀರಿನ ಮೇಲೆ ತೇಲಿಕೊಂಡು ಹೋದಂತೆ. ಸದ್ದೂ ಇಲ್ಲ. ದೀಪಾ ನನ್ನ ತೊಡೆಯ ಮೇಲೆ ಕೂತು, ಎದೆಗೆ ಬೆನ್ನು ಒರಗಿಸಿ, ಹೆಬ್ಬೆರಳು ಚೀಪುತ್ತಿದ್ದಳು. ನನಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಮಂಪರು. ಒಂದು ಕ್ಷಣ ನಾವು ನಮ್ಮೂರ ಫ್ರೀವೇ ಮೇಲೇ ಹೋಗುತ್ತಿದ್ದೇವೆ ಅನ್ನಿಸಿತು. ಸ್ಯಾನ್ ರಮೋನಿನ ಗುಡ್ಡಗಳೂ ಬೇಸಿಗೆಯಲ್ಲಿ ಹೀಗೇ, ಹಳದಿ ಹುಲ್ಲು, ಅಲ್ಲೊಂದು ಇಲ್ಲೊಂದು ಮರ.

ವ್ಯಾನು ನಿಂತಿದ್ದಕ್ಕೆ ಎಚ್ಚರವಾಯಿತು. ಹಿಂದಿನ ಚಕ್ರ ಧೂಳಿನಲ್ಲಿ ಹೂತುಹೋಗಿತ್ತು. ಮ್ವಾಂಗಿ ಮುಂದೆ ಹಿಂದೆ ಮಾಡಿ ನೋಡಿದ, ಆಗಲಿಲ್ಲ. ಎಂಜಿನ್ ಆರಿಸಿ, ಇನ್ನೊಂದು ವ್ಯಾನು ಬರುತ್ತೆ, ಯಾರೂ ಇಳಿಯಬೇಡಿ, ಗಲಾಟೆ ಮಾಡಬೇಡಿ ಅಂತ ಹೇಳಿ ಮುಂದಿನ ಗಾಜಿನಲ್ಲಿ ದಾರಿ ನೋಡುತ್ತಾ ಕೂತ. ಧೂಳಿಗೆ ನಾನು ಸೆರಗನ್ನು ಮೂಗು ಬಾಯಿಗೆ ಒತ್ತಿ ಹಿಡಿದುಕೊಂಡೆ.

ನಮ್ಮ ಯಜಮಾನರು ಮಂಡ್ಯದ ಕಡೆಯವರು. ಬಸ್ಸು ನಿಂತರೆ ಗಂಡಸರೆಲ್ಲ ಇಳಿದು ತಳ್ಳಬೇಕು ಅನ್ನುವುದು ಅವರ ರಕ್ತದಲ್ಲೇ ಇದೆ. ಅಮೆರಿಕ ಸೇರಿ ಅಷ್ಟು ವರ್ಷವಾದರೂ, ನಿಂತ ಗಾಡಿಯೊಳಗೆ ಕೈಕಟ್ಟಿ ಕೂರುವುದು ಅವರಿಗೆ ಅವಮಾನ. ಮ್ವಾಂಗಿ ನೋಡದಿದ್ದಾಗ ಮೆಲ್ಲಗೆ ಪಕ್ಕದ ಬಾಗಿಲು ಸರಿಸಿ, "ಒಂದ್ ಸಲ ತಳ್ಳಿದ್ರೆ ಆಯ್ತು" ಅಂತ ಗೊಣಗುತ್ತಾ ಒಂದು ಕಾಲು ಹೊರಗೆ ಚಾಚಿಯೇಬಿಟ್ಟರು.

"ಇಳೀಬೇಡ."

ಕೂಗಿದ್ದಲ್ಲ. ಮಾಮೂಲಿ ಮಾತಿನ ಹಾಗೆ, ಸ್ಪಷ್ಟವಾಗಿ, ನನ್ನ ಮಡಿಲಿನಿಂದ ಬಂತು. ಇವರು ಕಾಲು ಗಾಳಿಯಲ್ಲೇ ಎತ್ತಿಕೊಂಡು ಕಲ್ಲಾದರು. ಆಗ ಬಾಗಿಲ ಪಕ್ಕದಲ್ಲೇ, ನಾನು ಇಷ್ಟು ಹೊತ್ತೂ ಹುಲ್ಲು ಅಂದುಕೊಂಡು ನೋಡುತ್ತಿದ್ದ ಜಾಗದಲ್ಲಿ, ಹುಲ್ಲಿನ ಬಣ್ಣದ್ದೇ ಒಂದು ಸಿಂಹಿಣಿ ಎದ್ದು ನಿಂತಿತು. ಇವರನ್ನು ನೋಡಿತು, ಆಕಳಿಸಿತು, ತಿರುಗಿ ಹೊರಟುಹೋಯಿತು. ಮ್ವಾಂಗಿ ಹಾರಿ ಬಂದು ಇವರ ಕಾಲರ್ ಹಿಡಿದು ಒಳಗೆಳೆದು ಬಾಗಿಲು ಹಾಕಿದ.

ಉಸಿರು ಬಂದಮೇಲೆ ಎಲ್ಲರೂ ನೋಡಿದ್ದು ದೀಪಾಳನ್ನೇ. ಅವಳ ಹೆಬ್ಬೆರಳು ಬಾಯಲ್ಲೇ ಇತ್ತು. ಮುದುಕಿ ಕಣ್ಣೊರೆಸಿಕೊಂಡು, ಮಗು ಎಷ್ಟು ಚೆನ್ನಾಗಿ ಇಂಗ್ಲಿಷಿನಲ್ಲಿ ಇಳಿಯಬೇಡ ಅಂತು ಅಂದಳು. ಮ್ವಾಂಗಿ ಅವಳನ್ನೊಮ್ಮೆ ನಮ್ಮನ್ನೊಮ್ಮೆ ನೋಡಿ, ಇಂಗ್ಲಿಷಲ್ಲ, ನಮ್ಮ ಕಿಕುಯು ಭಾಷೆಯಲ್ಲಿ ಹೇಳಿತು, ನಿಮ್ಮ ಮಗುವಿಗೆ ಯಾರು ಕಲಿಸಿದ್ದು ಅಂತ ಕೇಳಿದ. ಇವರು ಬೆವರು ಒರೆಸಿಕೊಳ್ಳುತ್ತಾ, "ನಮ್ಮೂರ ಮಾತಲ್ಲೇ ಕೇಳಿಸ್ತಲ್ಲೇ, ಇಳೀಬ್ಯಾಡ ಅಂತ" ಅಂದರು.

ಅವತ್ತು ಸಂಜೆ ದೀಪಾಳನ್ನು ಮಡಿಲಲ್ಲಿ ಹಾಕಿಕೊಂಡು ಜೋಗುಳ ಹೇಳಿದೆ. ಕನ್ನಡದಲ್ಲಿ. ಇವರು ನೋಡಿಯೂ ಬೇಡ ಅನ್ನಲಿಲ್ಲ. ಡಾಕ್ಟರು ಏನಾದರೂ ಹೇಳಿಕೊಳ್ಳಲಿ, ಇನ್ನು ನನ್ನ ಬಾಯಿಗೆ ಬಂದದ್ದನ್ನೇ ನನ್ನ ಮಗುವಿಗೆ ಹೇಳುತ್ತೇನೆ ಅಂತ ಗಟ್ಟಿ ಮಾಡಿಕೊಂಡೆ. ಆದರೂ ಅವಳು ಮಾತಾಡಲಿಲ್ಲ. ಮೈಸೂರಿನಲ್ಲೂ ಇಲ್ಲ. ಸ್ಯಾನ್ ರಮೋನಿಗೆ ಮರಳಿ ಎಷ್ಟೋ ತಿಂಗಳಾದಮೇಲೆ, ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಹಾಲು" ಅಂದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ಹರಿಯಲಿ ಅಂತ ಬಿಟ್ಟು ಅವಳನ್ನು ಅಪ್ಪಿಕೊಂಡು ಕೂತುಬಿಟ್ಟೆ.

ಆಮೇಲೆ ಮಾತು ನಿಲ್ಲಲೇ ಇಲ್ಲ ಬಿಡಿ. ಸ್ಕೂಲಿಗೆ ಹೋದಮೇಲೆ ಎಲ್ಲ ಮಕ್ಕಳ ಹಾಗೆ ಅವಳೂ, ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗಿದಳು. ಇರಲಿ. ಅವಳ ಮೊದಲ ಮಾತು ಕನ್ನಡದ್ದು, ಅದು ಅವರಪ್ಪನ ಪ್ರಾಣ ಉಳಿಸಿತು ಅಂತ ನಾನು ಒಳಗೊಳಗೇ ಜೋಪಾನ ಮಾಡಿಟ್ಟುಕೊಂಡಿದ್ದೆ. ಕೇಳಿದರೆ ಎಲ್ಲಿ ನಕ್ಕುಬಿಡುತ್ತಾಳೋ ಅಂತ ಬಹಳ ವರ್ಷ ಕೇಳಲಿಲ್ಲ.

ಮೊನ್ನೆ ಮೊನ್ನೆ ಕೇಳಿದೆ. ಅವಳೇ ಕಾರು ಓಡಿಸುತ್ತಿದ್ದಳು, ಹಿಂದೆ ಅವಳ ಮಗು ಮಲಗಿತ್ತು, ಫ್ರೀವೇ ಪಕ್ಕದ ಗುಡ್ಡಗಳು ಹಳದಿಯಾಗಿದ್ದವು. ಅವತ್ತು ಅಪ್ಪನಿಗೆ ಹೇಳಿದ್ದು ನೆನಪಿದೆಯಾ ಅಂದೆ. ಅವಳು ಇಂಗ್ಲಿಷಿನಲ್ಲೇ ಅಂದಳು, ಚೆನ್ನಾಗಿ ನೆನಪಿದೆ, ಆದರೆ ನಾನೆಲ್ಲಿ ಹೇಳಿದೆ ಅಮ್ಮ, ನೀನು ಹೇಳಿದ್ದು.

ನಾನಾ? ನನ್ನ ಬಾಯಿಗೆ ಸೆರಗು ಒತ್ತಿಕೊಂಡಿದ್ದೆನಲ್ಲೇ ಅಂದೆ. ನಾನಾಗಿದ್ದರೆ ಇಳೀಬೇಡಿ ಅನ್ನುತ್ತಿದ್ದೆ, ರೀ ಅನ್ನದೆ ಅವರನ್ನು ಮಾತಾಡಿಸಿದವಳೇ ಅಲ್ಲ.

ಅವಳು ದಾರಿಯಿಂದ ಕಣ್ಣು ತೆಗೆಯದೆ ಹೇಳಿದಳು: "ನಿನ್ನ ಎದೆಗೆ ಒರಗಿಕೊಂಡಿದ್ದೆ. ನೀನು ಮಾತಾಡಿದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಒಂದು ವರ್ಷದಿಂದ ನಿನ್ನ ಬಾಯಲ್ಲಿ ಕನ್ನಡದ ಮಾತು ಕೇಳಿರಲಿಲ್ಲ. ಅದಕ್ಕೇ ನೆನಪಿದೆ." ಆಮೇಲೆ ಮೆಲ್ಲಗೆ, ಕನ್ನಡದಲ್ಲೇ, ನನ್ನ ಹಾಗೇ ಅಂದು ತೋರಿಸಿದಳು: "ಇಳೀಬೇಡ."

ನಾನು ಹೇಳಲಿಲ್ಲ, ಆಣೆಯಾಗಿ ಹೇಳಲಿಲ್ಲ. ಅವಳೂ ಹೇಳಲಿಲ್ಲವಂತೆ. ಅವಳ ಮೊದಲ ಮಾತು ಅಂತ ನಾನು ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು, ಅಮ್ಮ ಮತ್ತೆ ತನ್ನ ಹತ್ತಿರ ಮಾತಾಡಿದಳು ಅಂತ ಅವಳು ಕಾಪಾಡಿಕೊಂಡು ಬಂದಿದ್ದಾಳೆ.