ಪಾನಾ ಅಣ್ಣನ ಕೈಗೆ ಕೊಡಿ

ಬಾಂದ್ರಾ ದಾಟುವಾಗ ಅಣ್ಣನ ಮೋಟಾರ್‌ಸೈಕಲ್ಲಿನಿಂದ ಪಟಾಕಿಯಂಥ ಸದ್ದು ಬಂತು. ಸ್ಪಾರ್ಕ್ ಪ್ಲಗ್ ಹೊರಗೆ ಹಾರಿ ವೈರ್‌ನ ತುದಿಗೆ ನೇತಾಡುತ್ತಿತ್ತು. ಎಪ್ಪತ್ತರ ದಶಕದ ಮಾತು. ಅಣ್ಣನಿಗೆ ಹೆಣ್ಣು ನೋಡಲು ನಾವಿಬ್ಬರೂ ಮಲಾಡಿಗೆ ಹೊರಟಿದ್ದೆವು. ಗಾಡಿಯನ್ನು ಧಾರಾವಿಯವರೆಗೆ ತಳ್ಳಿಕೊಂಡು ಹೋಗಿ, ನಮ್ಮ ವಿಜಾಪುರದ ಕಡೆಯ ಗ್ಯಾರೇಜ್ ಮಿಸ್ತ್ರಿಗೆ ತೋರಿಸಿದೆವು.

“ಯಾರ್ರೀ ಇದನ್ನ ಕೂಡ್ಸಿದವ್ರು? ಥ್ರೆಡ್ಡೆಲ್ಲಾ ಕಿತ್ತು ಬಂದಾವ. ಪ್ಲಗ್ ಅಂದ್ರ ಗ್ವಾಡಿಗೆ ಹೊಡಿಯೋ ಮೊಳಿ ಅಂತ ತಿಳದಾರೇನು?”

ನಾನು ಅಣ್ಣನ ಬೆನ್ನ ಹಿಂದೆ ಸರಿದೆ. ಹೆಣ್ಣಿನ ಮನೆಗೆ ಹೋಗುವ ಗಾಡಿಯೆಂದು, ಅಣ್ಣ ಸ್ನಾನಕ್ಕೆ ಹೋದಾಗ ಪ್ಲಗ್ ಬಿಚ್ಚಿ ಉಜ್ಜಿ, ಸೊಟ್ಟ ಕೂತದ್ದು ತಿಳಿಯದೆ ಪಾನಾ ಹಾಕಿ ಬಿಗಿದವಳು ನಾನು. ಅಣ್ಣ ನನ್ನ ಮುಖ ನೋಡಿದ. “ನಾನೇ ಕೂಡ್ಸೀನ್ರಿ,” ಎಂದುಬಿಟ್ಟ.

ಮಿಸ್ತ್ರಿ ತೂತನ್ನು ಅಗಲಿಸಿ, ಹೊಸ ಥ್ರೆಡ್ ಇದ್ದ ಹಿತ್ತಾಳೆ ಬುಷ್ ಕೂರಿಸಿಕೊಟ್ಟ. ಮಲಾಡ್ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಣ್ಣನ ಎಣ್ಣೆ ಮೆತ್ತಿದ ಕರಿ ಕೈಗೆ ಚಹಾ ಕೊಟ್ಟ ಹುಡುಗಿ, ಪ್ಲಗ್ ತಾನೇ ಸೊಟ್ಟ ಕೂಡಿಸಿ ತಡವಾಯಿತೆಂದು ಅಣ್ಣ ಹೇಳಿದ್ದು ಕೇಳಿ ಸೆರಗು ಬಾಯಿಗಿಟ್ಟು ನಕ್ಕಳು. ಅವರೇ ನಮ್ಮ ಅತ್ತಿಗೆಯಾದರು.

ಇವತ್ತಿಗೂ ನಲ್ಲಿ ಸೋರಿ ಅಣ್ಣ ಪಾನಾ ಹಿಡಿದರೆ, “ನೀವು ಸೊಟ್ಟ ಕೂಡಿಸ್ತೀರಿ, ಬಿಡ್ರಿ,” ಎಂದು ಅತ್ತಿಗೆ ಕಸಿದುಕೊಳ್ಳುತ್ತಾರೆ. ಅಣ್ಣ ನನ್ನತ್ತ ನೋಡಿ ಸುಮ್ಮನೆ ನಗುತ್ತಾನೆ. ಅತ್ತಿಗೆ, ಆ ಪ್ಲಗ್ ಕೂಡಿಸಿದವಳು ನಾನು. ಪಾನಾ ಅಣ್ಣನಿಗೇ ಕೊಟ್ಟುಬಿಡಿ.