ಲೂರ್ದಮ್ಮ ಕಟ್ಟಿದ ಐದನೇ ಬೇಡಿಕೆ

ಬಿಟ್ಟಂಗಾಲದ ಬಳಿ ಕಾಫಿ ಎಸ್ಟೇಟೊಂದರ ಅಂಚಿನಲ್ಲಿ ಹೆಂಚಿನ ಚಿಕ್ಕ ಚರ್ಚ್ ಇದೆ. ಭಾನುವಾರದ ಪೂಜೆಯಲ್ಲಿ ಜನರ ಪರವಾಗಿ ದೇವರ ಮುಂದಿಡುವ ಐದು ಬೇಡಿಕೆಗಳನ್ನು ಹನ್ನೊಂದು ವರ್ಷಗಳಿಂದ ಬರೆಯುತ್ತಿರುವವರು ಲೂರ್ದಮ್ಮ. ವಯಸ್ಸು ಐವತ್ತೆರಡು, ಓದು ಏಳನೇ ಕ್ಲಾಸು, ಕೆಲಸ ಕಾಫಿ ಕೊಯ್ಲು. ಅಚ್ಚಾದ ಪುಸ್ತಕದ ಬೇಡಿಕೆಗಳು ಅವರ ಬಾಯಿಗೆ ಒಗ್ಗಲಿಲ್ಲ. ಗಿಡದಿಂದ ಗಿಡಕ್ಕೆ ಸರಿಯುತ್ತ ಎರಡೆರಡು ಸಾಲು ಕಟ್ಟುತ್ತಾರೆ. ಒಂದೇ ಉಸಿರಿಗೆ ಹೇಳಲು ಬಂದರೆ ಉಳಿಸಿಕೊಳ್ಳುತ್ತಾರೆ, ಇಲ್ಲವಾದರೆ ಬಿಡುತ್ತಾರೆ. ಪ್ರತಿ ಬೇಡಿಕೆಗೂ ಜನ "ಪ್ರಭುವೇ, ಆಲಿಸಿರಿ" ಎನ್ನಬೇಕು. ಎನ್ನದಿದ್ದರೆ ಅದು ದೇವರವರೆಗೆ ಹೋಗುವುದಿಲ್ಲ ಎಂಬುದು ಲೈನ್ ಮನೆಗಳಲ್ಲಿರುವ ಎಸ್ಟೇಟ್ ಕೂಲಿಯವರ ನಂಬಿಕೆ.

ಈ ಜನವರಿಯಲ್ಲಿ, ಬೆಳಿಗ್ಗೆ ಏಳೂವರೆಗೆ, ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದ ಮುತ್ತಿಯನ್ನು ಆನೆ ತುಳಿದು ಕೊಂದಿತು. ಅವಳ ಜಾಗಕ್ಕೆ ಸೋಮವಾರದಿಂದ ಬರುವಂತೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹೇಳಿ ಕಳಿಸಿದ್ದು ಲೂರ್ದಮ್ಮನ ಮಗಳು ನಿಶ್ಮಿತಾಗೆ.

ಲೈನಿನಲ್ಲಿ ಯಾರೂ ಆನೆಯ ಹೆಸರೆತ್ತುವುದಿಲ್ಲ. ಕರೆದರೆ ಬರುತ್ತದೆ ಎಂಬ ಭಯ. "ದೊಡ್ಡವರು" ಎನ್ನುತ್ತಾರೆ. ಆ ವಾರದ ಐದನೇ ಬೇಡಿಕೆಯಲ್ಲಿ ಲೂರ್ದಮ್ಮ ಬರೆದದ್ದೂ ಹಾಗೆಯೇ. ಶನಿವಾರ ಚೀಟಿ ನೋಡಿದ ಫಾದರ್ ಮೈಸೂರು ಕಡೆಯವರು, ಬಂದು ನಾಲ್ಕು ತಿಂಗಳಾಗಿತ್ತು.

"ದೊಡ್ಡವರಿಂದ ಕಾಪಾಡು ಅಂದ್ರೆ ಯಾರಿಂದಮ್ಮ, ಸಾಹುಕಾರರಿಂದಲಾ? ದೇವರ ಹತ್ರ ಎಂಥ ಒಗಟು? ಹೆಸರು ಹೇಳಿಯೇ ಬೇಡಿ."

ಪಕ್ಕದ ಮನೆಯವಳಿಗೆ ಇದನ್ನು ಹೇಳಿದಾಗ ಅವಳು, "ಫಾದರೇ ಒಂದಿನ ಪಿಕ್ಕಿಂಗಿಗೆ ಬರ್ಲಿ ಅಕ್ಕ, ಹೆಸರನ್ನೂ ಅವರೇ ಹೇಳ್ಲಿ" ಎಂದಳು.

ಭಾನುವಾರ ನಾಲ್ಕು ಬೇಡಿಕೆಗಳಿಗೆ ಉತ್ತರ ಬಂತು. ಐದನೆಯದರಲ್ಲಿ ಲೂರ್ದಮ್ಮ "ಆನೆ" ಎಂದರು. ಮುಂದಿನ ಬೆಂಚಿನ ಹೆಂಗಸರು ಕಿಟಕಿಯಾಚೆಯ ಕಾಫಿ ಗಿಡಗಳತ್ತ ನೋಡಿದರು. ನಿಶ್ಮಿತಾಳೂ ಬಾಯಿ ತೆರೆಯಲಿಲ್ಲ. ಫಾದರ್ ಒಬ್ಬರೇ "ಆಲಿಸಿರಿ" ಎಂದರು.

ಲೂರ್ದಮ್ಮ ಓದುವ ಪೀಠ ಬಿಟ್ಟು ಇಳಿಯಲಿಲ್ಲ. ಚೀಟಿ ಮಡಚಿ, ಅಲ್ಲೇ ಕಟ್ಟಿ ಹೇಳಿದರು:

"ಮುತ್ತಿ ಕೊನೆಗೆ ಕಂಡದ್ದನ್ನು
ನಮ್ಮ ಮಕ್ಕಳ ಕಣ್ಣು ಕಾಣದಿರಲಿ."

ಜನ ಒಟ್ಟಿಗೆ, ಎಂದಿಗಿಂತ ಗಟ್ಟಿಯಾಗಿ ಉತ್ತರಿಸಿದರು.

ಆದರೂ ಲೂರ್ದಮ್ಮನ ಭಯ ಇಳಿಯಲಿಲ್ಲ. "ಹೆಸರು ಬಾಯಿಂದ ಹೋಗಿ ಆಯ್ತಲ್ಲ. ಅದನ್ನ ವಾಪಸ್ ತಕೊಳ್ಳೋದು ಹೇಗೆ?" ಎನ್ನುತ್ತಾರೆ.

ಸೋಮವಾರ ಏಳಕ್ಕೆ ತಾಯಿ ಮಗಳು ಸಾಲಿಗಿಳಿದರು. ಹತ್ತು ಗಿಡ ದಾಟುವಷ್ಟರಲ್ಲಿ ನಿಶ್ಮಿತಾ ನಿಂತಳು. ನೆಲದ ಮೇಲೆ ದೊಡ್ಡವರ ಲದ್ದಿ.

"ಅಮ್ಮಾ, ಇನ್ನೂ ಹೊಗೆ ಆಡ್ತಾ ಉಂಟು."

"ಮಾತಾಡ್ಬೇಡ. ಚೀಲ ಬಿಡು."

ಇಬ್ಬರೂ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರು. ಓಡಲಿಲ್ಲ, ಓಡಿದರೆ ಸದ್ದಾಗುತ್ತದೆ. ರಸ್ತೆ ಮುಟ್ಟಿದ ಮೇಲೂ ಲೂರ್ದಮ್ಮ ಮಗಳ ರಟ್ಟೆ ಬಿಡಲಿಲ್ಲ.